ಸೈಕಲ್ ದೀಪದ ಬ್ಯಾಟರಿಗೆ ಸೋಲಾರ್ ಜೋಡಿಸುವ ಮುನ್ನ: ನಮ್ಮ ಅಂಗಳದಲ್ಲಿ ಹೊತ್ತಿದ ಬೆಂಕಿ

ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ರಸ್ತೆಯಿಂದ ಒಳಗೆ ಸರಿದು ನಿಂತಿರುವ ನಮ್ಮ ಮನೆಗೂ ಹಾಲಿನ ಡೈರಿಗೂ ಎರಡೂವರೆ ಕಿಲೋಮೀಟರ್ ದೂರ. ಬೆಳಗಿನ ಐದೂವರೆಗೆ ಕ್ಯಾನು ಕಟ್ಟಿಕೊಂಡು ಹೊರಟರೆ ಅರ್ಧ ದಾರಿ ತೋಟದ ಕತ್ತಲು, ಉಳಿದರ್ಧ ಕಾಡಿನ ಕತ್ತಲು. ಟೈರಿಗೆ ಒರಗಿ ತಿರುಗುವ ಹಳೆಯ ಡೈನಮೋ ಮಳೆಗಾಲದಲ್ಲಿ ಜಾರುತ್ತಿತ್ತು, ಏರು ಬಂದಾಗ ಅದರ ಬೆಳಕು ಬಾಡುತ್ತಿತ್ತು. ಹೀಗಾಗಿ ಕೆಲವು ವರ್ಷಗಳ ಹಿಂದೆ, ಕೆಟ್ಟ ಲ್ಯಾಪ್‌ಟಾಪಿನ ಬ್ಯಾಟರಿಯಿಂದ ಬಿಡಿಸಿದ, 18650 ಎಂಬ ಅಳತೆಯ ಮೂರು ಲಿಥಿಯಂ ಸೆಲ್‌ಗಳನ್ನು ಸರಣಿಯಲ್ಲಿ ಬೆಸುಗೆ ಹಾಕಿ, ಅವು ಮಿತಿಮೀರಿ ತುಂಬಿದರೆ ದಾರಿ ಕಡಿಯುವ, ಬಿಎಂಎಸ್ ಎಂದು ಕರೆಯುವ ರಕ್ಷಣಾ ಬೋರ್ಡೊಂದನ್ನು ಸೇರಿಸಿ, ಎಲ್ಲವನ್ನೂ ಪಿವಿಸಿ ಪೈಪಿನ ತುಂಡಿನೊಳಗೆ ತುರುಕಿ, ಎರಡೂ ತುದಿಗೆ ಮುಚ್ಚಳ ಬಡಿದು ಸೈಕಲ್ಲಿನ ನಡುದಂಡಕ್ಕೆ ಕಟ್ಟಿದೆ. ಮುಂದೊಂದು ಬಿಳಿ ಎಲ್‌ಇಡಿ, ಹಿಂದೊಂದು ಕೆಂಪು. ಮನೆಯ ಕರೆಂಟಿನಿಂದ 12.6 ವೋಲ್ಟ್ ಕೊಡುವ ಚಾರ್ಜರಿಗೆ ರಾತ್ರಿ ಸಿಕ್ಕಿಸಿದರೆ ಮೂರು ದಿನ ಚಿಂತೆಯಿರಲಿಲ್ಲ. ಎರಡು ವರ್ಷ ಅದು ಒಂದು ದಿನವೂ ಕೈಕೊಡಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಕೆಡುಕು ಶುರುವಾದದ್ದು ನಾನು ಅದನ್ನು ಇನ್ನಷ್ಟು ಚೆನ್ನಾಗಿಸಲು ಹೊರಟಾಗ.

ಆ ವರ್ಷ ಜೂನ್ ತಿಂಗಳಲ್ಲಿ ಮರ ಬಿದ್ದು ಲೈನು ಹರಿದು ಐದು ದಿನ ಕರೆಂಟಿರಲಿಲ್ಲ. ಸೋಲಾರ್ ಹಾಕಬೇಕೆಂಬ ಯೋಚನೆ ಹುಟ್ಟಿದ್ದು ಆಗಲೇ. ಕರೆಂಟು ಹೋಗುವ ದಿನಗಳಲ್ಲಿ ನಮ್ಮ ಸೀಮೆಯಲ್ಲಿ ಸೂರ್ಯನೂ ಇರುವುದಿಲ್ಲ ಎಂಬ ಸಣ್ಣ ಸಂಗತಿ ಹೊಳೆಯದೇ ಹೋದದ್ದು ನನ್ನ ಬುದ್ಧಿವಂತಿಕೆಯ ಅಳತೆ. ಶಿವಮೊಗ್ಗದ ಒಂದು ಅಂಗಡಿಯಲ್ಲಿ 10 ವಾಟ್‌ನ ಪ್ಯಾನೆಲ್ ಮತ್ತು ಅದರಿಂದ ಬ್ಯಾಟರಿಗೆ ಹೋಗುವ ಕರೆಂಟನ್ನು ಹತೋಟಿಯಲ್ಲಿಡುವ ಒಂದು ಸಣ್ಣ ಚಾರ್ಜ್ ಕಂಟ್ರೋಲರ್ ಕೊಂಡೆ. ಎರಡರ ಮೇಲೂ 12 ವೋಲ್ಟ್ ಎಂದು ಬರೆದಿತ್ತು, ನನ್ನ ಬ್ಯಾಟರಿಯನ್ನೂ ನಾನು 12 ವೋಲ್ಟ್‌ನದೆಂದೇ ಕರೆಯುತ್ತಿದ್ದೆ. "ಹನ್ನೆರಡು ವೋಲ್ಟ್ ಅಂದ್ರೆ ಹನ್ನೆರಡು ವೋಲ್ಟೇ ಮಾರಾಯ್ರೆ, ಯಾವುದಕ್ಕೆ ಬೇಕಾದ್ರೂ ಹಾಕಿ" ಎಂದು ಅಂಗಡಿಯವರು ಹೇಳಿದಾಗ ನನಗೆ ಅನುಮಾನ ಬರಲಿಲ್ಲ.

ಆ ಒಂದೇ ಸಂಖ್ಯೆಯ ಹಿಂದೆ ಮೂರು ಬೇರೆ ಬೇರೆ ಸಂಗತಿಗಳಿದ್ದವು. 12 ವೋಲ್ಟ್ ಎಂದು ಮಾರುವ ಪ್ಯಾನೆಲ್ಲಿನಲ್ಲಿ ಸಾಮಾನ್ಯವಾಗಿ 36 ಬಿಲ್ಲೆಗಳಿರುತ್ತವೆ. ಒಳ್ಳೆಯ ಬಿಸಿಲಿನಲ್ಲಿ ಏನನ್ನೂ ಜೋಡಿಸದೆ ಅಳೆದರೆ ಅದು 21 ವೋಲ್ಟ್‌ನ ಆಸುಪಾಸು ತೋರಿಸುತ್ತದೆ, ಕೆಲಸ ಮಾಡುವಾಗ 17, 18ಕ್ಕೆ ಇಳಿಯುತ್ತದೆ. ನಾನು ತಂದ ಕಂಟ್ರೋಲರ್ ಯುಪಿಎಸ್‌ನಲ್ಲಿರುವಂಥ ಸೀಸ-ಆಮ್ಲದ ಬ್ಯಾಟರಿಗೆಂದು ಮಾಡಿದ್ದು. ಅಂಥ ಬ್ಯಾಟರಿಯನ್ನು ತುಂಬಿಸಲು 14.4 ವೋಲ್ಟ್‌ವರೆಗೆ ಏರಿಸಿ, ತುಂಬಿದ ಮೇಲೂ 13.7ರ ಸುಮಾರಿನಲ್ಲಿ ಹಿಡಿದಿಡಬೇಕು, ಅದು ಮಾಡುವುದೂ ಅದನ್ನೇ. ನನ್ನ ಲಿಥಿಯಂ ಸೆಲ್ಲಿಗಾದರೋ 4.2 ವೋಲ್ಟ್ ಎಂದರೆ ಕಂಠಮಟ್ಟ, ಮೂರಕ್ಕೆ 12.6. ಅದರ ಮೇಲೆ 14.4 ಹೇರಿದರೆ ಪ್ರತಿ ಸೆಲ್ಲಿನ ಪಾಲಿಗೆ 4.8 ಬರುತ್ತದೆ. ಹಳೆಯ ಸೆಲ್‌ಗಳು ಮೂರೂ ಒಂದೇ ಸಮ ಇರುವುದಿಲ್ಲವಾದ್ದರಿಂದ ಅವುಗಳಲ್ಲಿ ಬಡವಾದದ್ದರ ಪಾಲಿಗೆ ಇನ್ನೂ ಹೆಚ್ಚು.

ಆದರೂ ಜುಲೈ, ಆಗಸ್ಟ್ ತಿಂಗಳಲ್ಲಿ ಏನೂ ಆಗಲಿಲ್ಲ. ದಟ್ಟ ಮೋಡದಡಿ ಆ ಪ್ಯಾನೆಲ್ ತನ್ನ ಶಕ್ತಿಯ ಹತ್ತರಲ್ಲೊಂದು ಪಾಲು ಕೊಟ್ಟರೆ ಹೆಚ್ಚು, ಅದನ್ನೂ ಬೆಳಗಿನ ದೀಪ ತಿಂದುಹಾಕುತ್ತಿತ್ತು. ಮಳೆಗಾಲವೇ ನನ್ನ ತಪ್ಪನ್ನು ಮುಚ್ಚಿಟ್ಟುಕೊಂಡು ಕಾದಿತ್ತು. ಸೆಪ್ಟೆಂಬರಿನಲ್ಲಿ ಎರಡು ದಿನ ಹೊಳವಾದಾಗ ಮೊದಲ ಸೂಚನೆ ಬಂತು: ಮಧ್ಯಾಹ್ನ ಪರೀಕ್ಷೆಗೆಂದು ಸ್ವಿಚ್ ಹಾಕಿದರೆ ಹಿಂದಿನ ಕೆಂಪು ದೀಪ ಎಂದೂ ಇಲ್ಲದಷ್ಟು ಪ್ರಖರವಾಗಿ ಬೆಳಗಿ, ಕ್ಷಣದಲ್ಲೇ ಕಪ್ಪಾಯಿತು. ಸೆಲ್‌ಗಳು ತುಂಬಿದ್ದನ್ನು ಕಂಡು ಬಿಎಂಎಸ್ ಚಾರ್ಜಿನ ದಾರಿಯನ್ನು ಮುಚ್ಚಿತ್ತು. ಎದುರಿಗೆ ಹಿಡಿದು ನಿಲ್ಲಿಸುವ ಬ್ಯಾಟರಿಯಿಲ್ಲದೆ ಪ್ಯಾನೆಲ್ಲಿನ ಪೂರ್ತಿ ವೋಲ್ಟೇಜು ದೀಪದ ಮೇಲೆ ಬಿದ್ದಿತ್ತು. ಇದು ಈಗ ತಿಳಿದದ್ದು. ಆಗ ನನಗೆ ಕಂಡದ್ದು ಇಷ್ಟೇ, ಬೋರ್ಡು ಪದೇ ಪದೇ ಕಡಿದುಕೊಳ್ಳುತ್ತಿದೆ. ಅಂಗಡಿಗೆ ಫೋನ್ ಮಾಡಿದಾಗ ಬಂದ ಸಲಹೆ, ಕಂಟ್ರೋಲರೇ ಇರುವಾಗ ಇನ್ನೊಂದು ಬೋರ್ಡೇಕೆ, ತಂತಿಯನ್ನು ನೇರ ಸೆಲ್ಲಿಗೇ ಕೊಡಿ ಎಂಬುದು. ಸಲಹೆ ಅವರದಾದರೂ ಬೆಸುಗೆ ಹಾಕಿದ ಕೈ ನನ್ನದೇ. ಮಾಡಿದ ತಪ್ಪುಗಳಲ್ಲೆಲ್ಲ ನಾನು ಇಂದಿಗೂ ನಾಚುವುದು ಇದಕ್ಕೆ: ಕಳ್ಳನನ್ನು ಕಂಡು ಬೊಗಳಿದ ನಾಯಿಯ ಬಾಯಿ ಕಟ್ಟಿ, ಇನ್ನು ನೆಮ್ಮದಿಯಾಗಿ ನಿದ್ದೆ ಮಾಡಬಹುದು ಎಂದುಕೊಂಡೆ.

ದೀಪಾವಳಿಗೆ ಅಣ್ಣನ ಮಗ ಬೆಂಗಳೂರಿನಿಂದ ಬೈಕಿನಲ್ಲಿ ಬಂದದ್ದರಿಂದ ಹಾಲಿನ ಕ್ಯಾನು ಬೈಕೇರಿತು, ಸೈಕಲ್ಲು ಅಂಗಳದ ಅಂಚಿನಲ್ಲೇ ನಿಂತಿತು. ಮಳೆ ತೊಳೆದುಹೋದ ಮೇಲಿನ ಬಿಸಿಲು ಹೇಗಿರುತ್ತದೆಂದು ಮಲೆನಾಡಿನವರಿಗೆ ಹೇಳಬೇಕಿಲ್ಲ. ಅಂಥ ಬಿಸಿಲಿನಲ್ಲಿ ನನ್ನ ಪ್ಯಾನೆಲ್ ಸುಮಾರು ಅರ್ಧ ಆಂಪಿಯರ್ ಕೊಡುತ್ತದೆ. ಹಳೆಯ ಸೆಲ್‌ಗಳ ಧಾರಣಶಕ್ತಿ ಎರಡು ಆಂಪಿಯರ್-ಗಂಟೆಯಷ್ಟಿದ್ದೀತು. ಒಂದೇ ದಿನದಲ್ಲಿ ತುಂಬಬೇಕಾದದ್ದು ಮೂರನೆಯ ದಿನವೂ ತುಂಬುತ್ತಲೇ ಇತ್ತು. ಸಾಲದ್ದಕ್ಕೆ ಪೈಪಿಗೆ ನಾನು ಕಪ್ಪು ಟೇಪು ಸುತ್ತಿದ್ದೆ. ಲಿಥಿಯಂ ಸೆಲ್‌ಗಳನ್ನು 45 ಡಿಗ್ರಿಗಿಂತ ಹೆಚ್ಚಿನ ಬಿಸಿಯಲ್ಲಿ ಚಾರ್ಜ್ ಮಾಡಬಾರದು. ಬಿಸಿಲಲ್ಲಿ ನಿಂತ ಕಪ್ಪು ಕೊಳವೆಯೊಳಗೆ ಆ ಮಿತಿ ದಾಟಲು ಬಹಳ ಹೊತ್ತು ಬೇಕಾಗುವುದಿಲ್ಲ.

ಮೂರನೆಯ ದಿನ ಮಧ್ಯಾಹ್ನ ಎರಡು ಗಂಟೆಗೆ ಅತ್ತಿಗೆ ಒಳಗಿನಿಂದ ಕೂಗಿದರು. ಕುಕ್ಕರಿನ ಸೀಟಿಯಂಥ ಸದ್ದು, ಜೊತೆಗೆ ಉಗುರುಬಣ್ಣ ತೆಗೆಯುವ ದ್ರಾವಣದಂಥ ಸಿಹಿಗಟ್ಟಿದ ವಾಸನೆ. ನಾನು ಹೊರಬರುವಷ್ಟರಲ್ಲಿ ಪೈಪಿನ ಮುಚ್ಚಳ ಹಾರಿ, ಬಿಳಿಹೊಗೆಯ ಹಿಂದೆಯೇ ಬೆಂಕಿಯ ನಾಲಿಗೆ ಹೊರಟಿತ್ತು. ಹತ್ತು ಮಾರು ದೂರದಲ್ಲಿ ಬೇಯಿಸಿದ ಅಡಿಕೆ ಒಣಗಲು ಹರವಿತ್ತು, ಅದರಾಚೆ ಕೊಟ್ಟಿಗೆಯ ಪಕ್ಕದಲ್ಲಿ ಹುಲ್ಲುಗೊಣಬೆ. ಅಣ್ಣನ ಮಗ ಉದ್ದದ ದೋಟಿಯೊಂದನ್ನು ಹಿಡಿದು ಸೈಕಲ್ಲನ್ನು ಅಂಗಳದಾಚೆಗೆ ಕೆಡವಿದ. ಕೈಗೆ ಸಿಕ್ಕ ನೀರೆಂದರೆ ಕಲಗಚ್ಚಿನ ಬಾನಿಯದು, ಅದನ್ನೇ ಎತ್ತಿ ಸುರಿದೆವು. ಆರಿತು ಎಂದು ಹತ್ತಿರ ಹೋಗಿ ಬಗ್ಗಿದೆ. ಆಗ ಎರಡನೆಯ ಸೆಲ್ ಸಿಡಿಯಿತು. ಬಲಗೈಯ ಮೇಲೆ ಅಂಗೈಯಗಲದ ಕಲೆ ಈಗಲೂ ಇದೆ. ಒಂದು ಸೆಲ್ಲಿನ ಬಿಸಿಗೆ ಪಕ್ಕದ್ದು ನಿಮಿಷಗಳ ನಂತರವೂ ಹೊತ್ತಿಕೊಳ್ಳಬಹುದು, ಆ ಹೊಗೆಯಲ್ಲಿ ಶ್ವಾಸಕೋಶವನ್ನು ಸುಡುವ ಹೈಡ್ರೋಜನ್ ಫ್ಲೋರೈಡ್ ಇರುತ್ತದೆ ಎಂಬುದು ತಿಳಿದದ್ದು ಆಮೇಲೆ. ದೂರದಿಂದ ಧಾರಾಳವಾಗಿ ನೀರು ಸುರಿಯುತ್ತಲೇ ಇರಬೇಕು; ಗಾಳಿ ಬರುವ ಕಡೆಯಲ್ಲಿ ನಿಲ್ಲಬೇಕು, ಬಗ್ಗಿ ನೋಡಬಾರದು.

ಮಳೆಯ ದಿನಗಳಲ್ಲಿ ನಾನು ಅದೇ ಸೈಕಲ್ಲನ್ನು ಜಗಲಿಯೊಳಗೆ, ಮಕ್ಕಳು ಮಲಗುವ ಕೋಣೆಯ ಕಿಟಕಿಯಡಿ ನಿಲ್ಲಿಸುತ್ತಿದ್ದೆ.

ಈಗ ಮಾಡಿಕೊಂಡಿರುವ ವ್ಯವಸ್ಥೆ ಹೀಗಿದೆ. ಪ್ಯಾನೆಲ್ ಹಂಚಿನ ಮೇಲಿದೆ, ಬ್ಯಾಟರಿ ಸೈಕಲ್ಲಿನಿಂದ ಬಿಚ್ಚಿ ಬರುವಂಥದ್ದು; ಚಾರ್ಜಾಗುವಾಗ ಅದು ನೆರಳಿನಲ್ಲಿ ಕಲ್ಲುಚಪ್ಪಡಿಯ ಮೇಲೆ, ಮನೆಯ ಗೋಡೆಯಿಂದ ದೂರವಿರುತ್ತದೆ. ಸೆಲ್‌ಗಳು ಹೊಸವು, ಮೂರೂ ಒಂದೇ ಬಗೆಯವು. (18650ರ ಮೇಲೆ 9800 ಎಂದು ಅಚ್ಚೊತ್ತಿದ್ದರೆ ಅಲ್ಲಿಯೇ ಬಿಟ್ಟು ಬನ್ನಿ, ಸಾಮಾನ್ಯವಾಗಿ ನಿಜವಾದ ಸೆಲ್‌ಗಳು 2000ದಿಂದ 3500 ಮಿಲಿಆಂಪಿಯರ್-ಗಂಟೆಯವು.) ಸೀಸ-ಆಮ್ಲದ ಕಂಟ್ರೋಲರಿನ ಬದಲು, ವೋಲ್ಟೇಜು ಮತ್ತು ಕರೆಂಟು ಎರಡಕ್ಕೂ ಮಿತಿ ಹಾಕಬಹುದಾದ, ವೋಲ್ಟೇಜನ್ನು ಇಳಿಸಿಕೊಡುವ ಬಕ್ ಕನ್ವರ್ಟರ್ ಇದೆ, ಪ್ಯಾನೆಲ್ಲಿಗೆ ಸೇರಿಸಿ, ಬ್ಯಾಟರಿ ಜೋಡಿಸುವ ಮೊದಲೇ ಮೀಟರ್ ಹಿಡಿದು 12.3 ವೋಲ್ಟ್‌ಗೆ ತಿರುಗಿಸಿ ನಿಲ್ಲಿಸಿದ್ದೇನೆ. ತುಸು ಕಡಿಮೆ ತುಂಬುತ್ತದೆ, ಸೆಲ್ ಹೆಚ್ಚು ಕಾಲ ಬಾಳುತ್ತದೆ. ರಾತ್ರಿ ಕರೆಂಟು ಹಿಮ್ಮುಖವಾಗಿ ಹರಿಯದಂತೆ ಒಂದು ಶಾಟ್ಕಿ ಡಯೋಡು, ಬ್ಯಾಟರಿಯ ಧನ ತುದಿಗೆ ಅಂಟಿಕೊಂಡಂತೆ ಒಂದು ಫ್ಯೂಸು. ಬಿಎಂಎಸ್ ತನ್ನ ಸ್ಥಾನದಲ್ಲಿಯೇ ಇದೆ, ಚಾರ್ಜಿನ ತಂತಿಗಳು ಅದರ ಮೂಲಕವೇ ಹೋಗುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಳೆಯ ಕರೆಂಟಿನ ಚಾರ್ಜರೇ ಗತಿ. ಬಿಚ್ಚಿಟ್ಟಿದ್ದ ಡೈನಮೋವನ್ನೂ ಮತ್ತೆ ಹಾಕಿಸಿದ್ದೇನೆ.

ನಿಮ್ಮಲ್ಲಿ ಯಾರಾದರೂ ನಾನು ಮಾಡಿದಂತೆಯೇ ಜೋಡಿಸಿದ್ದರೆ, ಕಂಟ್ರೋಲರಿನ ಮೇಲೆ ಯಾವ ಬ್ಯಾಟರಿಯ ಹೆಸರಿದೆ ಎಂದು ಇವತ್ತೇ ನೋಡಿ. ಲಿಥಿಯಂ ಎಂದಿಲ್ಲದಿದ್ದರೆ, ಬಿಸಿಲಿರುವಾಗ ಪ್ಯಾನೆಲ್ಲನ್ನು ಆರಿಸುವ ಸ್ವಿಚ್ ಇರುವುದಿಲ್ಲವಾದ್ದರಿಂದ, ಮೊದಲು ಅದರ ಮೇಲೆ ದಪ್ಪ ಗೋಣಿಚೀಲ ಹೊದಿಸಿ, ಪ್ಯಾನೆಲ್ಲಿನ ತಂತಿಯನ್ನು ಬಿಚ್ಚಿ, ಆಮೇಲೆ ಬ್ಯಾಟರಿಯದನ್ನು ಬಿಚ್ಚಿ. ಬ್ಯಾಟರಿ ಮುಟ್ಟಲು ಬಿಸಿಯಾಗಿದ್ದರೆ ಬಿಚ್ಚುವ ಗೋಜಿಗೆ ಹೋಗದೆ, ಹೊದಿಸಿದ್ದನ್ನು ಹಾಗೆಯೇ ಬಿಟ್ಟು ದೂರ ಸರಿಯಿರಿ, ಅಲ್ಲಿ ಕೈಗೆ ಸಿಗುವಂತೆ ಎರಡು ಕೊಡ ನೀರು ತುಂಬಿಸಿಡಿ.