ಜೆರಾಕ್ಸ್ ಅಂಗಡಿಯಲ್ಲಿ ಕೂತು ಕೇಳಿದ ಜೆಪಿ ಮಾತುಗಳು

ಜೆಪಿ ಅಂದ ತಕ್ಷಣ ನಮ್ಮ ಕಡೆ ಹಿರಿಯರಿಗೆ ತುರ್ತು ಪರಿಸ್ಥಿತಿ ನೆನಪಾಗುತ್ತದೆ. ನಾನು ಹೇಳುತ್ತಿರುವುದು ಆ ಜಯಪ್ರಕಾಶ್ ನಾರಾಯಣ್ ಬಗ್ಗೆ ಅಲ್ಲ. ಇವರು ಅದೇ ಹೆಸರಿನ ಇನ್ನೊಬ್ಬರು, ಆಂಧ್ರದವರು. ಎಂಬಿಬಿಎಸ್ ಓದಿ 1980ರಲ್ಲಿ ಐಎಎಸ್ ಸೇರಿದವರು. 1996ರಲ್ಲಿ ಕೆಲಸ ಬಿಟ್ಟು ಆಡಳಿತ ಸುಧಾರಣೆಗಾಗಿ ಲೋಕ್‌ಸತ್ತಾ ಚಳವಳಿ ಶುರು ಮಾಡಿದರು. 2006ರಲ್ಲಿ ಅದನ್ನೇ ಪಕ್ಷ ಮಾಡಿದರು. 2009ರಲ್ಲಿ ಹೈದರಾಬಾದಿನ ಕೂಕಟ್‌ಪಲ್ಲಿಯಿಂದ ಗೆದ್ದು ಎಂಎಲ್ಎ ಆದರು. ಆ ಚುನಾವಣೆಯಲ್ಲಿ ಅವರ ಪಕ್ಷಕ್ಕೆ ಬಂದಿದ್ದು ಅದೊಂದೇ ಸೀಟು. ಈಗ ಚುನಾವಣೆಗೆ ನಿಲ್ಲುತ್ತಿಲ್ಲ, ಮಾತಾಡುತ್ತಾರೆ. ಯೂಟ್ಯೂಬಿನಲ್ಲಿ ಅವರ ಮಾತುಗಳು ರಾಶಿ ರಾಶಿ ಸಿಗುತ್ತವೆ. ಎರಡು ವರ್ಷದಿಂದ ಅವನ್ನು ಕೇಳುತ್ತಿದ್ದೇನೆ. ಹಾಗಾಗಿ ಒಬ್ಬ ಗಿರಾಕಿಯಾಗಿ ಬರೆಯುತ್ತಿದ್ದೇನೆ.

ನಾನು ಯಾರು ಅಂತ ಹೇಳದಿದ್ದರೆ ಈ ವಿಮರ್ಶೆಗೆ ಅರ್ಥ ಇರುವುದಿಲ್ಲ. ಬಳ್ಳಾರಿ ಜಿಲ್ಲೆಯ ಒಂದು ತಾಲ್ಲೂಕು ಊರಿನಲ್ಲಿ ನಂದು ಜೆರಾಕ್ಸ್ ಅಂಗಡಿ. ಪಹಣಿ ತೆಗೆದುಕೊಡುತ್ತೇನೆ, ಅರ್ಜಿ ತುಂಬಿಕೊಡುತ್ತೇನೆ, ಲ್ಯಾಮಿನೇಷನ್ ಮಾಡುತ್ತೇನೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಅರ್ಧ ತೆಲುಗು. ಹಾಗಾಗಿ ಅವರ ತೆಲುಗು ನನಗೆ ಕಷ್ಟ ಆಗಲಿಲ್ಲ. ಬೆಳಿಗ್ಗೆ ಹತ್ತರಿಂದ ಸಂಜೆ ಆರರವರೆಗೆ ನನ್ನ ಮುಂದೆ ನಿಲ್ಲುವವರೆಲ್ಲ ಯಾವುದೋ ಒಂದು ಸರ್ಕಾರಿ ಕಾಗದಕ್ಕೆ ಅಲೆಯುತ್ತಿರುವವರು. ಜಾತಿ, ಆದಾಯ, ವಂಶವೃಕ್ಷ, ಪೌತಿ ಖಾತೆ, ವಿಧವಾ ವೇತನ.

ರಾಜಕೀಯ ಮಾತಾಡುವವರು ಯೂಟ್ಯೂಬಿನಲ್ಲಿ ಸಾವಿರ ಜನ ಇದ್ದಾರೆ. ಯಾರು ಗೆಲ್ಲುತ್ತಾರೆ, ಯಾರು ಯಾರಿಗೆ ಬೈದರು, ಬರೀ ಇದೇ. ಸರ್ಕಾರಿ ಕಚೇರಿಯ ಕೌಂಟರಿನಲ್ಲಿ ಏನಾಗುತ್ತದೆ ಅಂತ ಮಾತಾಡುವವರು ಕಡಿಮೆ. ಜೆಪಿ ಮಾತಾಡುತ್ತಾರೆ. ಒಬ್ಬ ಅಜ್ಜಿಯ ಕಾಗದ ಯಾಕೆ ಮುಂದಕ್ಕೆ ಹೋಗುವುದಿಲ್ಲ ಅನ್ನುವುದನ್ನು ಅವರು ಗುಮಾಸ್ತನ ಕೆಟ್ಟತನಕ್ಕೆ ಬಿಟ್ಟು ಸುಮ್ಮನಾಗುವುದಿಲ್ಲ. ಕೆಲಸ ತಡವಾದರೆ ಯಾರಿಗೂ ನಷ್ಟ ಇಲ್ಲ, ಬೇಗ ಆದರೆ ಯಾರಿಗೂ ಲಾಭ ಇಲ್ಲ, ಹಾಗಿದ್ದಾಗ ಕಾಗದ ಯಾಕೆ ಓಡಬೇಕು ಅಂತ ಕೇಳುತ್ತಾರೆ. ಅವರ ಎಷ್ಟೋ ಮಾತುಗಳ ಸಾರ ನನಗೆ ಅರ್ಥವಾದಂತೆ ಇದೇ. ಹದಿನಾರು ವರ್ಷ ಆ ಕೌಂಟರಿನ ಆಚೆ ಬದಿಯಲ್ಲಿ ಕೂತಿದ್ದವರು, ಕಲೆಕ್ಟರ್ ಆಗಿದ್ದವರು. ಅದು ಅವರ ಮಾತಿನಲ್ಲಿ ಗೊತ್ತಾಗುತ್ತದೆ.

ಆಂಧ್ರದ ಪುರಸಭೆಗಳಲ್ಲಿ ನಾಗರಿಕ ಸನ್ನದು, ಅಂದರೆ ಯಾವ ಕೆಲಸ ಎಷ್ಟು ದಿನದಲ್ಲಿ ಮಾಡಿಕೊಡುತ್ತೇವೆ ಅನ್ನುವ ಲಿಖಿತ ಭರವಸೆ, ಬಂದಾಗ ಒಂದು ದಿನ ತಡವಾದರೆ 50 ರೂಪಾಯಿ ಪರಿಹಾರ ಅಂತ ಇಟ್ಟಿದ್ದರು. ಅದಕ್ಕೆ ಒತ್ತಾಯ ಮಾಡಿದವರಲ್ಲಿ ಲೋಕ್‌ಸತ್ತಾದವರೂ ಇದ್ದರು. ಇದು ಗೊತ್ತಾದಾಗ ನನಗೆ ತಕ್ಷಣ ನಮ್ಮ ಸಕಾಲ ನೆನಪಾಯಿತು. ಸರ್ಕಾರಿ ಕೆಲಸ ಗಡುವಿನೊಳಗೆ ಆಗಬೇಕು ಅನ್ನುವ 2011ರ ಕಾನೂನು ಅದು, 2012ರ ಏಪ್ರಿಲ್‌ನಿಂದ ಜಾರಿ. ಗಡುವು ದಾಟಿದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500. ಆ ದುಡ್ಡು ತಡ ಮಾಡಿದ ಅಧಿಕಾರಿಯ ಸಂಬಳದಿಂದ ಹೋಗಬೇಕು. ನಾನು ದಿನಾ ಪ್ರಿಂಟ್ ತೆಗೆಯುವ ಕಾಗದದ ಹಿಂದೆ ಇಷ್ಟೆಲ್ಲ ಇದೆ ಅಂತ ನನಗೆ ಗೊತ್ತಿತ್ತು, ಆದರೆ ಅದನ್ನು ಯಾರಿಗೂ ಹೇಳುತ್ತಿರಲಿಲ್ಲ. ಯಾರೂ ಕೇಳುತ್ತಲೂ ಇರಲಿಲ್ಲ.

ಆಮೇಲೆ ಒಬ್ಬ ಅಜ್ಜಿ ಬಂದರು. ಗಂಡ ತೀರಿಕೊಂಡಿದ್ದರು. ಎರಡು ಎಕರೆ ಹೊಲ ಪೌತಿ ಖಾತೆ ಆಗಬೇಕಿತ್ತು, ಅದಕ್ಕೆ ವಂಶವೃಕ್ಷ ಬೇಕಿತ್ತು. ಎಲೆ ಅಡಿಕೆ ಚೀಲದಿಂದ ರಶೀದಿ ತೆಗೆದುಕೊಟ್ಟರು. ಎಂಟು ಮಡಿಕೆ ಆಗಿತ್ತು. ಮಡಿಕೆ ಬಿದ್ದ ಕಡೆ ಕಾಗದ ಹರಿದು, ಆರ್‌ಡಿ ನಂಬರಿನ (ಅರ್ಜಿಯ ನಂಬರು) ಕೊನೆಯ ಎರಡು ಅಂಕಿ ಮೇಲೆ ಸುಣ್ಣ ಮೆತ್ತಿಕೊಂಡಿತ್ತು. ಉಗುರಿನಿಂದ ಮೆಲ್ಲಗೆ ಕೆರೆದು, ಬೆಳಕಿಗೆ ಹಿಡಿದು ಓದಿದೆ. ಗಡುವು ಮುಗಿದು 12 ದಿನ ಆಗಿತ್ತು. ಆ ಕಚೇರಿಗೆ ಅಜ್ಜಿ ನಾಲ್ಕು ಸಲ ಹೋಗಿದ್ದರು. ಒಂದು ಸಲ ಸರ್ವರ್ ಇಲ್ಲ, ಒಂದು ಸಲ ಸಾಹೇಬರು ಇಲ್ಲ, ಎರಡು ಸಲ ನಾಳೆ ಬಾ.

"ಅಜ್ಜಿ, ಅವರೇ ನಿಮಗೆ 240 ರೂಪಾಯಿ ಕೊಡಬೇಕು" ಅಂದೆ.

"ನನಗ್ಯಾಕವ್ವಾ ಅವರ ರೊಕ್ಕ, ಹೊಲ ನನ್ನ ಹೆಸರಿಗಾದ್ರೆ ಸಾಕು" ಅಂದರು.

ಅಂಗಡಿಗೆ ಅರ್ಧ ಬಾಗಿಲು ಹಾಕಿ ಅವರ ಜೊತೆ ಹೋದೆ. ಜೋರು ಮಾಡಲಿಲ್ಲ. ಸಕಾಲದಲ್ಲಿ ಮೇಲ್ಮನವಿ ಹಾಕಬೇಕು, ಅದಕ್ಕೆ ಯಾರ ಹೆಸರು ಬರೆಯಬೇಕು ಅಂತ ಮಾತ್ರ ಕೇಳಿದೆ. ಸಂಜೆ ಐದಕ್ಕೆ ವಂಶವೃಕ್ಷ ಕೈಗೆ ಬಂತು. ಅಜ್ಜಿ 240 ರೂಪಾಯಿ ಕೇಳಲಿಲ್ಲ. ನನಗೆ ಸಂತೋಷಕ್ಕಿಂತ ಸಿಟ್ಟೇ ಜಾಸ್ತಿ ಬಂತು. ಸಂಜೆ ಆಗಬಹುದಾದ ಕೆಲಸ ಇಷ್ಟು ದಿನ ಯಾಕೆ ಬಿದ್ದಿತ್ತು?

ಜೆಪಿ ಮಾತಿನಲ್ಲಿ ನನಗೆ ಕೊರತೆ ಅನಿಸಿದ್ದೂ ಇಲ್ಲೇ. ದಂಡ ಇಟ್ಟರೆ ಕೆಲಸ ಆಗುತ್ತದೆ ಅನ್ನುವುದು ಸರಿ. ಆದರೆ ದಂಡ ಕೇಳುವ ಧೈರ್ಯ ಯಾರಿಗಿದೆ? ನಾಳೆ ಮತ್ತೆ ಅದೇ ಕೌಂಟರಿಗೆ ಹೋಗಬೇಕಾದವರು ಇವತ್ತು ಅಲ್ಲಿರುವವರನ್ನು ಎದುರು ಹಾಕಿಕೊಳ್ಳುವುದಿಲ್ಲ. ಜನ ಕೇಳಬೇಕು ಅಂತ ಅವರು ಸುಲಭವಾಗಿ ಹೇಳಿಬಿಡುತ್ತಾರೆ. ಕೇಳದೆಯೇ ಆ ದುಡ್ಡು ಖಾತೆಗೆ ಬರುವ ಹಾಗಿದ್ದರೆ ಮಾತ್ರ ಅಜ್ಜಿಯಂಥವರಿಗೆ ಉಪಯೋಗ.

ಅವರ ಇನ್ನೊಂದು ದೊಡ್ಡ ವಿಷಯ ಸ್ಥಳೀಯ ಸರ್ಕಾರ. ಅಧಿಕಾರ, ದುಡ್ಡು ಎರಡೂ ಊರಿನ ಮಟ್ಟಕ್ಕೆ ಬಂದರೆ ತಾನು ಹಾಕಿದ ಓಟಿಗೂ ತನ್ನ ಬೀದಿಯ ಚರಂಡಿಗೂ ಇರುವ ಸಂಬಂಧ ಜನರ ಕಣ್ಣಿಗೆ ಕಾಣುತ್ತದೆ ಅನ್ನುತ್ತಾರೆ. ಕಾಣದಿದ್ದಾಗ ಓಟು 500 ರೂಪಾಯಿಗೆ ಹೋಗುವುದು ಆಶ್ಚರ್ಯ ಅಲ್ಲ. ಇದನ್ನು ನಾನು ಮೂರು ಸಲ ಕೇಳಿದ್ದೇನೆ. ಯಾಕೆಂದರೆ ನಮ್ಮ ರಾಜ್ಯದ ಸ್ಥಿತಿ ನೋಡಿ. 1983ರ ಕಾನೂನು ತಂದು ಪಂಚಾಯಿತಿಗಳಿಗೆ ಬಲ ಕೊಟ್ಟ ಆಗಿನ ಮಂತ್ರಿ ಅಬ್ದುಲ್ ನಜೀರ್ ಸಾಬ್ ನಮ್ಮವರು. ಜನ ನೀರು ಸಾಬ್ ಅಂತ ಕರೆದರಲ್ಲ, ಅವರೇ. ಅಂಥ ರಾಜ್ಯದಲ್ಲಿ ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿ ಸದಸ್ಯರ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ನನ್ನ ಅಂಗಡಿಗೆ ಬರುವವರಲ್ಲಿ ಇದನ್ನು ಒಬ್ಬರೂ ದೂರು ಅಂತ ಹೇಳಿಲ್ಲ. ಈ ಮಾತು ಕೇಳುವವರೆಗೆ ನಾನೂ ಯೋಚಿಸಿರಲಿಲ್ಲ. ಕರ್ನಾಟಕದ ಈ ಕಥೆಯನ್ನು ಅವರು ಬಿಡಿಸಿ ಹೇಳಿದ್ದು ಮಾತ್ರ ನಾನು ಕೇಳಿಲ್ಲ. ಉದಾಹರಣೆಗಳೆಲ್ಲ ಆಂಧ್ರ, ತೆಲಂಗಾಣದ್ದೇ ಜಾಸ್ತಿ.

ಅನುಪಾತದ ಚುನಾವಣೆ, ಅಂದರೆ ಪಕ್ಷಕ್ಕೆ ಬಿದ್ದ ಓಟಿನ ಪಾಲಿಗೆ ತಕ್ಕಷ್ಟು ಸೀಟು ಕೊಡುವ ಪದ್ಧತಿ, ಅದರ ಬಗ್ಗೆ ಹೇಳುವಾಗ ನನ್ನ ತಲೆಗೆ ಹತ್ತಲಿಲ್ಲ. ಹಲಗೆ ಮೇಲೆ ನಾಲ್ಕು ಅಂಕಿ ಬರೆದು ತೋರಿಸಿದರೆ ಅರ್ಥ ಆಗಬಹುದು.

ಉಚಿತ ಯೋಜನೆಗಳ ಬಗ್ಗೆ ಅವರು ಹೇಳುವುದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಹೀಗೆ ಹಂಚುತ್ತಾ ಹೋದರೆ ಶಾಲೆ, ಆಸ್ಪತ್ರೆಗೆ ದುಡ್ಡು ಉಳಿಯುವುದಿಲ್ಲ ಅನ್ನುತ್ತಾರೆ. ಲೆಕ್ಕ ಸರಿ ಇರಬಹುದು. ಆದರೆ ನನ್ನ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ ಪಕ್ಕದ ಹಳ್ಳಿಯಿಂದ ಬರುತ್ತಾಳೆ. ಮೊದಲು ಬಸ್ಸಿಗೆ ದಿನಾ 60 ರೂಪಾಯಿ ಹೋಗುತ್ತಿತ್ತು, ಅದಕ್ಕೇ ಅವರಪ್ಪ ಕಳಿಸುತ್ತಿರಲಿಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಕೆಲಸಕ್ಕೆ ಸೇರಿದಳು. ಈಗ ಟೈಪಿಂಗ್‌ನಲ್ಲಿ ನನಗಿಂತ ಚುರುಕು. ಅವಳ ಕಡೆಯಿಂದ ನೋಡಿದಾಗ ಅದು ಬರೀ ಹಂಚಿಕೆ ಅಲ್ಲ ಅಲ್ವಾ?

ಇನ್ನು ಕೇಳುವ ಅನುಭವ. ಕಾಸು ಕೊಡಬೇಕಿಲ್ಲ, ಡೇಟಾ ಇದ್ದರೆ ಸಾಕು. ಸ್ಟುಡಿಯೋದಲ್ಲಿ ಮಾತಾಡಿದ್ದು ಸ್ಪಷ್ಟವಾಗಿ ಕೇಳುತ್ತದೆ. ಸಭೆಗಳಲ್ಲಿ ರೆಕಾರ್ಡ್ ಮಾಡಿದ್ದು ಜೆರಾಕ್ಸ್ ಮೆಷಿನ್ ಸದ್ದಿನಲ್ಲಿ ಮುಳುಗಿಹೋಗುತ್ತದೆ, ಇಯರ್‌ಫೋನ್ ಬೇಕು. ತುಂಬ ಬೇಗ ಮಾತಾಡುತ್ತಾರೆ, ತೆಲುಗಿನ ನಡುವೆ ಇಂಗ್ಲಿಷ್ ಸುರಿಯುತ್ತದೆ. ಒಂದೇ ವಿಷಯ ಹತ್ತು ಕಡೆ ಬರುತ್ತದೆ. ಆದರೆ ಕಿರುಚುವುದಿಲ್ಲ. ಎದುರಿಗಿದ್ದವರು ಕೆಣಕಿದರೂ ಪಕ್ಷದ ಮೇಲೆ ಪಕ್ಷ ಎತ್ತಿಕಟ್ಟುವ ಮಾತಿಗೆ ಸುಲಭಕ್ಕೆ ಇಳಿಯುವುದಿಲ್ಲ. ವೀರಪ್ಪ ಮೊಯಿಲಿ ಅಧ್ಯಕ್ಷರಾಗಿದ್ದ ಕೇಂದ್ರದ ಎರಡನೇ ಆಡಳಿತ ಸುಧಾರಣಾ ಆಯೋಗದಲ್ಲಿ ಸದಸ್ಯರಾಗಿದ್ದವರು. ಚುನಾವಣೆಗೆ ನಿಲ್ಲುವವರು ಕೇಸು, ಆಸ್ತಿ ವಿವರ ಕೊಡಲೇಬೇಕು ಅನ್ನುವ 2003ರ ಸುಪ್ರೀಂ ಕೋರ್ಟ್ ತೀರ್ಪಿನ ಅರ್ಜಿದಾರರಲ್ಲಿ ಲೋಕ್‌ಸತ್ತಾ ಕೂಡ ಇತ್ತು. ಇಷ್ಟೆಲ್ಲ ಮಾಡಿದವರ ಮಾತಿಗೆ ಕನ್ನಡ ಸಬ್‌ಟೈಟಲ್ ಸಿಗುವುದಿಲ್ಲ ಅನ್ನುವುದೇ ನನ್ನ ದೊಡ್ಡ ಬೇಸರ. ಗಡಿ ಜಿಲ್ಲೆಯ ನಮಗೆ ನಡೆಯುತ್ತದೆ, ಹಾವೇರಿಯವರು ಏನು ಮಾಡಬೇಕು?

ಐದಕ್ಕೆ ನಾಲ್ಕು ಕೊಡುತ್ತೇನೆ. ಶುರು ಮಾಡುವವರು ಗಂಟೆಗಟ್ಟಲೆಯ ಭಾಷಣಕ್ಕೆ ಹೋಗಬೇಡಿ. ಸ್ಥಳೀಯ ಸರ್ಕಾರದ ಬಗ್ಗೆ ಇರುವ ಚಿಕ್ಕ ಮಾತು ಹುಡುಕಿ ಕೇಳಿ. ಅಂಗಡಿಯಲ್ಲಿ ನಾನು ಬದಲಾಯಿಸಿದ್ದು ಒಂದೇ. ಈಗ ಯಾರ ರಶೀದಿ ಪ್ರಿಂಟ್ ತೆಗೆದರೂ ಅದರ ಹಿಂದೆ ಗಡುವಿನ ತಾರೀಖು, ಅದರ ಕೆಳಗೆ "ದಿನಕ್ಕೆ 20 ರೂ." ಅಂತ ಕೆಂಪು ಪೆನ್ನಿನಲ್ಲಿ ದೊಡ್ಡದಾಗಿ ಬರೆದು ಲ್ಯಾಮಿನೇಷನ್ ಮಾಡಿ ಕೊಡುತ್ತೇನೆ. ವಯಸ್ಸಾದವರಿಗೆ ಲ್ಯಾಮಿನೇಷನ್ ದುಡ್ಡು ತೆಗೆದುಕೊಳ್ಳುವುದಿಲ್ಲ.