ಸ್ಮಾರ್ಟ್ ಸಾಧನಗಳಿಗೂ ಡ್ಯುಯಲ್ ಬ್ಯಾಂಡ್ ವೈಫೈಗೂ ಹೊಂದಿಕೆ: ಎರಡು ವರ್ಷ ಬಳಸಿದ ಮೇಲೆ

ನಮ್ಮದು ದಾವಣಗೆರೆ ವಿದ್ಯಾನಗರದಲ್ಲಿ ಎರಡು ಅಂತಸ್ತಿನ ಮನೆ. ಕೆಳಗೆ ಅಪ್ಪ, ಅಮ್ಮ, ಮೇಲೆ ನಾವು. ಫೈಬರ್ ಕನೆಕ್ಷನ್ ಜೊತೆಗೇ ಬಂದ ಡ್ಯುಯಲ್ ಬ್ಯಾಂಡ್ (2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಬ್ಯಾಂಡಿನಲ್ಲಿ ವೈಫೈ ಕೊಡುವ) ರೂಟರ್ ಮೇಲಿನ ಹಾಲ್‌ನಲ್ಲಿದೆ. ಗೀಸರ್‌ಗೆ 16 ಆಂಪಿಯರ್ ಸ್ಮಾರ್ಟ್ ಪ್ಲಗ್, ಗೇಟಿನ ಕಡೆಗೊಂದು ಕ್ಯಾಮೆರಾ, ಕೆಳಗಿನ ಹಾಲ್‌ಗೆ ಬಲ್ಬ್‌ಗಳು, ಹೊರಗಿನ ಲೈಟಿಗೆ ಸ್ವಿಚ್‌ಬೋರ್ಡ್ ಒಳಗೆ ಕೂರುವ ಪುಟ್ಟ ರಿಲೇ (ಫೋನಿನಿಂದಲೂ ನಡೆಯುವ ಸ್ವಿಚ್) ಹಾಕಿಸಿದ್ದೇವೆ. ಎಲ್ಲ ಬೇರೆ ಬೇರೆ ಕಂಪನಿಯವು. ಎರಡು ವರ್ಷ ದಾಟಿದ ಮೇಲೆ ಹೇಳುತ್ತಿದ್ದೇನೆ: ಯಾವ ಕಂಪನಿಯ ಸಾಧನ ಅನ್ನುವುದಕ್ಕಿಂತ ರೂಟರ್‌ನ ಸೆಟ್ಟಿಂಗ್ ಹೇಗಿದೆ ಅನ್ನುವುದೇ ಮುಖ್ಯ. ಸಾಧನ ಕೊಳ್ಳುವ ಮೊದಲು ರೂಟರ್ ಸರಿಮಾಡಿಕೊಳ್ಳಿ.

ಇಂಥ ಸಾಧನಗಳ ಡಬ್ಬಿಯ ಹಿಂದೆ ‘2.4 ಗಿಗಾಹರ್ಟ್ಸ್ ಮಾತ್ರ’ ಅಂತ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಇದು ಕೊರತೆಯಲ್ಲ. ಪ್ಲಗ್‌ಗೆ ಬೇಕಾದ್ದು ‘ಆನ್ ಆಗು, ಆಫ್ ಆಗು’ ಅನ್ನುವಷ್ಟು ಮಾಹಿತಿ. ಅದಕ್ಕೆ ವೇಗಕ್ಕಿಂತ ಸಿಗ್ನಲ್ ಮುಟ್ಟುವುದು ಮುಖ್ಯ. 5 ಗಿಗಾಹರ್ಟ್ಸ್ ವೇಗ ಜಾಸ್ತಿ, ಆದರೆ ಗೋಡೆ, ಸ್ಲ್ಯಾಬ್ ದಾಟುವಷ್ಟರಲ್ಲಿ ಸೊರಗುತ್ತದೆ. ನಮ್ಮ ಗೇಟಿನ ಹತ್ತಿರ ಅದು ಸಿಗುವುದೇ ಇಲ್ಲ, 2.4 ಸಿಗುತ್ತದೆ. ಚಿತ್ರದುರ್ಗದಲ್ಲಿ ನಮ್ಮ ಚಿಕ್ಕಪ್ಪನ ಹಳೇ ಮನೆಗೆ ದಪ್ಪ ಕಲ್ಲಿನ ಗೋಡೆ. ಅಲ್ಲಿ ಪಕ್ಕದ ಕೋಣೆಗೇ 5 ಮುಟ್ಟುವುದಿಲ್ಲ.

ತೊಂದರೆ ಬರುವುದು ಜೋಡಿಸುವಾಗ. ಈಗಿನ ರೂಟರ್‌ಗಳು ಎರಡೂ ಬ್ಯಾಂಡಿಗೆ ಒಂದೇ ಹೆಸರು ಕೊಟ್ಟು, ಫೋನ್ ಯಾವುದಕ್ಕೆ ಸೇರಬೇಕೆಂದು ತಾವೇ ನಿರ್ಧರಿಸುತ್ತವೆ. ರೂಟರ್ ಪಕ್ಕದಲ್ಲಿ ಕೂತರೆ ಫೋನ್ ಸಾಮಾನ್ಯವಾಗಿ 5ಕ್ಕೆ ಹೋಗುತ್ತದೆ. ಬಲ್ಬ್ ಬೇಗ ಬೇಗ ಮಿನುಗುವ ಜೋಡಣೆಯ ವಿಧಾನದಲ್ಲಿ ಆ್ಯಪ್ ವೈಫೈ ಹೆಸರು, ಪಾಸ್‌ವರ್ಡ್ ಎರಡನ್ನೂ ಗಾಳಿಯಲ್ಲೇ ಸಾರುತ್ತದೆ. ಬಲ್ಬ್ ಕಿವಿಗೊಟ್ಟಿರುವುದು 2.4ರಲ್ಲಿ ಮಾತ್ರ. ಹಾಗಾಗಿ ಫೋನ್ 5ರಲ್ಲಿದ್ದರೆ ಆ್ಯಪ್‌ನ ಶೇಕಡಾ ಎಣಿಕೆ ಅರ್ಧಕ್ಕೆ ನಿಂತು ‘ವಿಫಲ’ ಅಂತ ಬರುತ್ತದೆ, ಬಲ್ಬ್ ಕೆಟ್ಟಿದೆ ಅಂತ ಎಷ್ಟೋ ಜನ ವಾಪಸ್ ಕಳಿಸುತ್ತಾರೆ. ನಿಧಾನಕ್ಕೆ ಮಿನುಗುವ ಇನ್ನೊಂದು ವಿಧಾನವೂ ಇದೆ. ಅದರಲ್ಲಿ ಬಲ್ಬೇ ಒಂದು ಪುಟ್ಟ ವೈಫೈ ಹುಟ್ಟಿಸುತ್ತದೆ. ಫೋನನ್ನು ಅದಕ್ಕೆ ಸೇರಿಸಿ ವಿವರ ದಾಟಿಸಬಹುದು. ಮೊದಲನೆಯದು ಕೈಕೊಟ್ಟಾಗ ಇದು ಬಹಳ ಸಲ ಕೆಲಸ ಮಾಡುತ್ತದೆ. ಆಂಡ್ರಾಯ್ಡ್ ಫೋನ್ ಆದರೆ ಆ್ಯಪ್‌ಗೆ ಲೊಕೇಶನ್ ಅನುಮತಿ ಕೊಡಿ, ಇಲ್ಲದಿದ್ದರೆ ಅದಕ್ಕೆ ವೈಫೈ ಹೆಸರೇ ಕಾಣುವುದಿಲ್ಲ.

ನಾವು ಮಾಡಿಕೊಂಡ ಶಾಶ್ವತ ಏರ್ಪಾಡು ಬೇರೆ. ರೂಟರ್‌ನ ಪುಟ ತೆರೆದು (ವಿಳಾಸ ಅದರ ತಳದಲ್ಲೇ ಅಂಟಿಸಿರುತ್ತಾರೆ) ಬ್ಯಾಂಡ್ ಸ್ಟೀರಿಂಗ್ (ಬ್ಯಾಂಡನ್ನು ರೂಟರೇ ಆರಿಸುವ ಸೆಟ್ಟಿಂಗ್) ಆಫ್ ಮಾಡಿ, ಎರಡು ಬ್ಯಾಂಡಿಗೂ ಬೇರೆ ಬೇರೆ ಹೆಸರು ಇಟ್ಟೆವು. 2.4ಕ್ಕೆ ಚಾನೆಲ್‌ನ (ಬ್ಯಾಂಡಿನೊಳಗೆ ಸಿಗ್ನಲ್ ಹರಿಯುವ ಪಟ್ಟಿಯ) ಅಗಲ 20 ಮೆಗಾಹರ್ಟ್ಸ್. ಚಾನೆಲ್ 1, 6, 11ರಲ್ಲಿ ಅಕ್ಕಪಕ್ಕದ ಮನೆಗಳ ಗದ್ದಲ ಕಡಿಮೆ ಇರುವುದು ಯಾವುದೋ ಅದು. ಈ ಮೂರು ಒಂದರ ಮೇಲೊಂದು ಬೀಳುವುದಿಲ್ಲ. ವೈಫೈ ಭದ್ರತೆಯ ವಿಧ ಡಬ್ಲ್ಯೂಪಿಎ2, ಅದಕ್ಕಿಂತ ಹೊಸದಾದ ಡಬ್ಲ್ಯೂಪಿಎ3 ಒಂದನ್ನೇ ಇಟ್ಟರೆ ಅಗ್ಗದ ಸಾಧನಗಳು ಹೆಚ್ಚಿನವು ಸೇರುವುದಿಲ್ಲ. ಜೋಡಣೆ ಆದಮೇಲೆ ಫೋನನ್ನು ನೆಮ್ಮದಿಯಾಗಿ 5ಕ್ಕೆ ಮರಳಿಸಬಹುದು. ಹೆಸರು ಎರಡಾದರೂ ಒಳಗೆ ಜಾಲ ಒಂದೇ. ಗೆಸ್ಟ್ ವೈಫೈಗೆ (ಅತಿಥಿಗಳಿಗೆಂದು ಇಡುವ ಬೇರೆ ಹೆಸರಿಗೆ) ಸೇರಿಸಿದರೆ ಮಾತ್ರ ಎಷ್ಟೋ ರೂಟರ್‌ಗಳು ಸಾಧನಗಳನ್ನು ಒಂದಕ್ಕೊಂದು ಮಾತಾಡಲು ಬಿಡುವುದಿಲ್ಲ. ಅಂದಿನಿಂದ ಜೋಡಣೆಯ ತಕರಾರು ನಮ್ಮ ಮನೆಯಲ್ಲಿ ಇಲ್ಲ.

ಇನ್ನು ಒಂದೊಂದರ ಮಾತು. ಐದಕ್ಕೆ ಐದು ಸ್ಟಾರ್ ಕೊಡುವುದು ಗೀಸರ್ ಪ್ಲಗ್‌ಗೆ. ನಮ್ಮ ಗೀಸರ್ 2000 ವ್ಯಾಟ್. 230 ವೋಲ್ಟಿಗೆ ಲೆಕ್ಕ ಹಾಕಿದರೆ ಸುಮಾರು 8.7 ಆಂಪಿಯರ್ ಎಳೆಯುತ್ತದೆ. 10 ಆಂಪಿಯರ್ ಪ್ಲಗ್‌ಗೆ ಇದು ಅಂಚಿನ ಭಾರ, ದುಡ್ಡು ಉಳಿಸಲು ಹೋಗಬೇಡಿ, 16ರದ್ದೇ ಕೊಳ್ಳಿ. ಬೆಳಿಗ್ಗೆ ಅಮ್ಮ ಏಳುವ ಮೊದಲೇ ಆನ್ ಆಗಿ, ನೀರು ಕಾಯುವಷ್ಟು ಹೊತ್ತಿಗೆ ಇಟ್ಟ ಟೈಮರ್ ಮುಗಿದಾಗ ತಾನೇ ಆಫ್ ಆಗುತ್ತದೆ. ಫೈಬರ್ ವೈರ್ ಕಿತ್ತಿಟ್ಟೂ ನೋಡಿದ್ದೇನೆ, ಒಮ್ಮೆ ಶುರುವಾದ ಟೈಮರ್ ಇಂಟರ್ನೆಟ್ ಇಲ್ಲದೆಯೂ ಮುಗಿಸಿತು. ವಯಸ್ಸಾದವರಿರುವ ಮನೆಗೆ ಇದೊಂದೇ ಸಾಕು ಅನ್ನುತ್ತೇನೆ.

ಬಲ್ಬ್‌ಗಳಿಗೆ ಎರಡೇ ಸ್ಟಾರ್. ಬಣ್ಣ, ಬೆಳಕು ಚೆನ್ನಾಗಿದೆ. ಆದರೆ ಅಪ್ಪ ಮಲಗುವ ಮುಂಚೆ ಗೋಡೆಯ ಸ್ವಿಚ್ ಆರಿಸುವವರು. ಸ್ವಿಚ್ ಆರಿದರೆ ಬಲ್ಬ್‌ಗೆ ಕರೆಂಟೇ ಇಲ್ಲ, ಆ್ಯಪ್ ಏನು ಮಾಡೀತು? ಅವರ ಅಭ್ಯಾಸ ಸರಿಯಾದದ್ದೇ, ಅದನ್ನು ಬದಲಿಸಿ ಅಂತ ಕೇಳುವುದು ನನಗೆ ಹಿಡಿಸುವುದಿಲ್ಲ. ಹೊರಗಿನ ಲೈಟಿಗೆ ಹಾಕಿಸಿದ ರಿಲೇ ಇದಕ್ಕೆ ಪರಿಹಾರ: ಗೋಡೆಯ ಸ್ವಿಚ್ಚೂ ನಡೆಯುತ್ತದೆ, ಫೋನೂ ನಡೆಯುತ್ತದೆ. ನಮ್ಮ ರಿಲೇಗೆ ನ್ಯೂಟ್ರಲ್ ವೈರ್ (ಕರೆಂಟ್ ಮರಳಿ ಹೋಗುವ ವೈರ್) ಬೇಕಿತ್ತು. ಸಾಕೆಟ್ ಇರುವ ಬೋರ್ಡಿನಲ್ಲಿ ಅದು ಇದ್ದೇ ಇರುತ್ತದೆ. ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ.

ಕ್ಯಾಮೆರಾ ಪರವಾಗಿಲ್ಲ, ಮೂರು ಸ್ಟಾರ್. ಮೆಮೊರಿ ಕಾರ್ಡ್ ಹಾಕಿಸಿಕೊಳ್ಳಿ.

ಕರೆಂಟಿನ ವಿಷಯ ಬಿಡುವಂತಿಲ್ಲ. ಕರೆಂಟ್ ಹೋಗಿ ಬಂದಾಗ ಸಾಧನಗಳು ತಕ್ಷಣ ಏಳುತ್ತವೆ, ರೂಟರ್ ಏಳಲು ಒಂದೆರಡು ನಿಮಿಷ ಹಿಡಿಯುತ್ತದೆ. ಅಷ್ಟೊತ್ತು ಎಲ್ಲವೂ ‘ಆಫ್‌ಲೈನ್’ ತೋರಿಸುತ್ತವೆ. ಗಾಬರಿಯಾಗಿ ರೀಸೆಟ್ ಮಾಡಬೇಡಿ, ಕಾಯಿರಿ. ರೂಟರ್‌ಗೆ 12 ವೋಲ್ಟಿನ ಪುಟ್ಟ ಯುಪಿಎಸ್ ಹಾಕಿದ ಮೇಲೆ ನಮಗೆ ಈ ಕಾಯುವಿಕೆಯೂ ತಪ್ಪಿದೆ. ಆ್ಯಪ್‌ನಲ್ಲಿ ‘ಕರೆಂಟ್ ಬಂದಾಗ ಏನಾಗಬೇಕು’ ಅನ್ನುವ ಆಯ್ಕೆ ಇರುತ್ತದೆ. ಬಲ್ಬ್‌ಗೆ ‘ಹಿಂದಿನ ಸ್ಥಿತಿ’ ಕೊಡಿ, ಇಲ್ಲವಾದರೆ ನಡುರಾತ್ರಿ ಇಡೀ ಹಾಲ್ ಬೆಳಗಿ ಮನೆಮಂದಿಯೆಲ್ಲ ಎದ್ದು ಕೂರಬೇಕಾಗುತ್ತದೆ. ಗೀಸರ್‌ಗೆ ಮಾತ್ರ ಕಡ್ಡಾಯವಾಗಿ ‘ಆಫ್’.

ಇತ್ತೀಚೆಗೆ ಇಂಟರ್ನೆಟ್ ಕಂಪನಿ ಬದಲಿಸಿದೆವು, ಹೊಸ ರೂಟರ್ ಬಂತು. ಹಳೆಯ 2.4ರ ಹೆಸರು, ಪಾಸ್‌ವರ್ಡ್ ಒಂದಕ್ಷರ ಬಿಡದೆ ಹಾಗೇ ಇಟ್ಟು, ಡಬ್ಲ್ಯೂಪಿಎ2 ಮಾಡಿದ್ದಷ್ಟೇ. ಎಲ್ಲ ಸಾಧನಗಳೂ ತಾವಾಗಿ ಬಂದು ಸೇರಿಕೊಂಡವು. ರೂಟರ್ ಕೂರಿಸಲು ಬರುವ ಹುಡುಗರು ಗಡಿಬಿಡಿಯಲ್ಲಿ ತಮಗೆ ತೋಚಿದ ಹೆಸರು ಹಾಕಿ ಹೋಗುತ್ತಾರೆ. ಅವರು ಬರುವ ಮೊದಲೇ ಹಳೆಯ ಹೆಸರು, ಪಾಸ್‌ವರ್ಡ್ ಚೀಟಿಯಲ್ಲಿ ಬರೆದಿಟ್ಟುಕೊಂಡಿರಿ, ದೊಡ್ಡ ಅಕ್ಷರ ಸಣ್ಣ ಅಕ್ಷರ ಸಮೇತ.