ಎರಡು ಹೆಡ್‌ನ ಹಳೆ ಕ್ಯಾಸೆಟ್ ಡೆಕ್: ತಮಟೆ ಮಿಕ್ಸ್ ರೆಕಾರ್ಡ್ ಮಾಡಿದರೆ ಸದ್ದು ಯಾಕೆ ಒಡೆಯುತ್ತದೆ?

ಚಿಕ್ಕಬಳ್ಳಾಪುರದ ನಮ್ಮ ಮನೆಯಲ್ಲಿ ಈ ಡೆಕ್ ವರ್ಷಗಳಿಂದ ದುಡಿಯುತ್ತಿದೆ. ಬೆಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡದ್ದು. ಜಪಾನಿ ಮಾಲು. ಎರಡು ಹೆಡ್ (ಒಂದು ಅಳಿಸಲು, ಇನ್ನೊಂದು ರೆಕಾರ್ಡ್ ಮತ್ತು ಪ್ಲೇ ಎರಡಕ್ಕೂ), ಟೇಪಿನ ಶ್ಶ್ ಸದ್ದು ತಗ್ಗಿಸುವ ಡಾಲ್ಬಿ ಬಿ ಮತ್ತು ಸಿ, ಎಚ್‌ಎಕ್ಸ್ ಪ್ರೊ, ಮುಂದುಗಡೆಯೇ ಒಂದು ಬಯಾಸ್ ಗುಂಡಿ. ಕೊನೆಯ ಎರಡರ ಕೆಲಸ ಮುಂದೆ ಹೇಳುತ್ತೇನೆ. ಕಂಪನಿಯ ಹೆಸರು ಬರೆಯುತ್ತಿಲ್ಲ. ಇಷ್ಟು ಹಳೆಯ ಯಂತ್ರ ಹೇಗೆ ನಡೆಯುತ್ತದೆ ಅನ್ನುವುದು ಹಿಂದಿನವರು ಅದನ್ನು ಹೇಗೆ ಇಟ್ಟುಕೊಂಡಿದ್ದರು ಅನ್ನುವುದರ ಮೇಲೆ ಹೋಗುತ್ತದೆ. ನಾನು ಬರೆದದ್ದು ಈ ಬಗೆಯ ಯಾವ ಡೆಕ್‌ಗಾದರೂ ಹೊಂದುತ್ತದೆ.

ನನ್ನ ಕೆಲಸ ತಮಟೆ, ನಾದಸ್ವರ, ಊರ ಹಾಡುಗಳ ಮಿಕ್ಸ್. ಲ್ಯಾಪ್‌ಟಾಪ್‌ನಲ್ಲಿ ಮಾಡಿ, ಕೊನೆಗೆ ಕ್ಯಾಸೆಟ್‌ಗೆ ಇಳಿಸುತ್ತೇನೆ. ಹಳ್ಳಿಗಳಲ್ಲಿ ಟೇಪ್ ರೆಕಾರ್ಡರ್ ಜೋಪಾನವಾಗಿ ಇಟ್ಟುಕೊಂಡಿರುವ ಹಿರಿಯರು ಇನ್ನೂ ಇದ್ದಾರೆ, ಅವರಿಗೆ ಕೊಡಲು. ನಮ್ಮ ಜಿಲ್ಲೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದದ್ದು ಇದೇ ತಮಟೆಗೆ. ಅಂಥ ವಾದ್ಯದ ಸದ್ದು ಟೇಪಿನಲ್ಲಿ ಕರಕರ ಅಂದರೆ ನನಗೆ ತಡೆಯಲಾಗುವುದಿಲ್ಲ.

ಕ್ಯಾಸೆಟ್‌ಗೆ ತಮಟೆ ನಿಜಕ್ಕೂ ಕಷ್ಟದ ವಾದ್ಯ. ಬೆಂಕಿಗೆ ಕಾಯಿಸಿ ಬಿಗಿ ಮಾಡಿದ ಚರ್ಮದ ಮೇಲೆ ಕೋಲು ಬಿದ್ದಾಗ ಸದ್ದು ಒಂದೇ ಕ್ಷಣಕ್ಕೆ ಮೇಲೇರಿ ಇಳಿಯುತ್ತದೆ. ಮುಳ್ಳಿನ ಮೀಟರ್ ಇರುವ ಡೆಕ್‌ಗಳಲ್ಲಿ ಮುಳ್ಳು ಅಷ್ಟು ಬೇಗ ಏಳುವುದೇ ಇಲ್ಲ. ಮೀಟರ್ ಸೊನ್ನೆಯ ಕೆಳಗಿದ್ದರೂ ಟೇಪ್ ಮೇಲೆ ಪೆಟ್ಟು ಒಡೆದಿರುತ್ತದೆ. ನನ್ನದರಲ್ಲಿ ಲೈಟಿನ ಪೀಕ್ ಮೀಟರ್ ಇದೆ. ತಮಟೆಯ ಮಟ್ಟಿಗೆ ಈ ಡೆಕ್‌ನಲ್ಲಿ ನನಗೆ ಮೊದಲು ಇಷ್ಟವಾದದ್ದು ಅದೇ.

ಸದ್ದು ಒಡೆದರೆ ಎಲ್ಲರೂ ಮೊದಲು ರೆಕಾರ್ಡ್ ಲೆವೆಲ್ ಇಳಿಸುತ್ತಾರೆ. ಕೆಲವು ಸಲ ಅದು ಸಾಕು. ಆದರೆ ಎಷ್ಟು ಇಳಿಸಿದರೂ ಕರಕರ ಹಾಗೇ ಇದ್ದರೆ ತೊಂದರೆ ಹೆಚ್ಚಾಗಿ ಗುಂಡಿಗಿಂತ ಮುಂಚೆಯೇ ಇರುತ್ತದೆ. ಬೋರ್‌ವೆಲ್ ಹತ್ತಿರವೇ ಪೈಪ್ ಒಡೆದಿದ್ದರೆ ತೋಟದ ವಾಲ್ವ್ ತಿರುಗಿಸಿ ಏನು ಪ್ರಯೋಜನ? ಲ್ಯಾಪ್‌ಟಾಪ್‌ನ ಸದ್ದನ್ನು ಹೊರಗೆ ಕೊಡುವ ಪೆಟ್ಟಿಗೆ, ಅಂದರೆ ಸ್ಟುಡಿಯೋ ಬಗೆಯ ಆಡಿಯೋ ಇಂಟರ್‌ಫೇಸ್‌ಗಳ ಔಟ್‌ಪುಟ್ ಸಾಮಾನ್ಯವಾಗಿ +4 ಡಿಬಿಯು, ಅಂದರೆ ಸುಮಾರು 1.23 ವೋಲ್ಟ್. ಮನೆ ಡೆಕ್‌ನ ಲೈನ್ ಇನ್‌ಪುಟ್ ಕಾಯುವುದು -10 ಡಿಬಿವಿ, ಸುಮಾರು 0.32 ವೋಲ್ಟ್. ಹತ್ತಿರ ಹತ್ತಿರ ನಾಲ್ಕು ಪಟ್ಟು ವ್ಯತ್ಯಾಸ. ಇದು ಸರಾಸರಿ ಮಟ್ಟದ ಮಾತು, ತಮಟೆಯ ಪೆಟ್ಟು ಅದಕ್ಕಿಂತ ಎಷ್ಟೋ ಮೇಲೆ ಹೋಗುತ್ತದೆ. ಹಾಗಾಗಿ ಡೆಕ್‌ನ ಗುಂಡಿಯನ್ನು ಅರ್ಧಕ್ಕೆ ಅಥವಾ ಸ್ವಲ್ಪ ಮೇಲೆ ಇಟ್ಟು, ಇಂಟರ್‌ಫೇಸ್‌ನ ಔಟ್‌ಪುಟ್ ಇಳಿಸಿ ಮೀಟರ್ ಹೊಂದಿಸಿ. ಮೈಕ್ ಜ್ಯಾಕ್‌ಗೆ ಮಾತ್ರ ಲೈನ್ ಸಿಗ್ನಲ್ ಕೊಡಲೇಬೇಡಿ. ಅದು ಕೆಲವು ಮಿಲಿವೋಲ್ಟ್‌ಗೆ ಮಾಡಿದ್ದು.

ಎರಡು ಹೆಡ್‌ನ ಡೆಕ್‌ನಲ್ಲಿ ಒಂದು ಒಳ್ಳೆಯ ಪರೀಕ್ಷೆ ಇದೆ. ರೆಕಾರ್ಡ್ ಮತ್ತು ಪಾಜ್ ಒತ್ತಿ, ಡೆಕ್‌ನ ಹೆಡ್‌ಫೋನ್‌ನಲ್ಲಿ ಕೇಳಿ. ಆಗ ಕೇಳುವುದು ಟೇಪಿನ ಸದ್ದಲ್ಲ, ಒಳಗೆ ಬರುತ್ತಿರುವ ಸಿಗ್ನಲ್. ಅಲ್ಲೇ ಒಡೆದಿದ್ದರೆ ಟೇಪನ್ನು ಬೈಯಬೇಡಿ, ಹಿಂದಿನ ಕೇಬಲ್ ಮತ್ತು ಲೆವೆಲ್ ನೋಡಿ. ಅಲ್ಲಿ ಶುದ್ಧವಾಗಿದ್ದು, ರಿವೈಂಡ್ ಮಾಡಿ ಕೇಳಿದಾಗ ಒಡೆದಿದ್ದರೆ ಟೇಪ್, ಬಯಾಸ್ ಅಥವಾ ಹೆಡ್. ಅಂಗಡಿಯಿಂದ ಕೊಂಡ ಒಳ್ಳೆಯ ಹಾಡಿನ ಕ್ಯಾಸೆಟ್ ಕೂಡ ಒಡೆದು ಕೇಳಿದರೆ ರೆಕಾರ್ಡಿಂಗ್‌ಗೂ ಇದಕ್ಕೂ ಸಂಬಂಧವಿಲ್ಲ, ಪ್ಲೇ ಮಾಡುವ ಭಾಗವೇ ಕೆಟ್ಟಿದೆ. ರಿಪೇರಿಗೆ ಕೊಡುವ ಮುಂಚೆ ಇಷ್ಟು ಮಾಡಿದರೆ ಅರ್ಧ ದುಡ್ಡು ಉಳಿಯುತ್ತದೆ.

ಬಯಾಸ್ ಗುಂಡಿಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಈ ಡೆಕ್‌ನ ನಿಜವಾದ ಬೆಲೆ ಇರುವುದು ಅಲ್ಲಿ. ಟೇಪಿಗೆ ಸುಮ್ನೆ ಹಾಡು ಮಾತ್ರ ಕಳಿಸಿದರೆ ಅದು ಸರಿಯಾಗಿ ಅಚ್ಚಾಗುವುದಿಲ್ಲ. ಅದರ ಜೊತೆಗೆ ನಮ್ಮ ಕಿವಿಗೆ ಕೇಳದ, ಸುಮಾರು 100 ಕಿಲೋಹರ್ಟ್ಸ್‌ನ ಒಂದು ಸಿಗ್ನಲ್ ಬೆರೆಸುತ್ತಾರೆ. ಅದೇ ಬಯಾಸ್. ಅದು ಕಡಿಮೆಯಾದರೆ ತಾರದ ಸದ್ದು ಚುಚ್ಚುತ್ತದೆ, ಮಂದ್ರ ಮತ್ತು ನಡುವಿನ ಸದ್ದು ಒಡೆಯುತ್ತದೆ. ಹೆಚ್ಚಾದರೆ ಒಡಕು ಕಮ್ಮಿ, ಆದರೆ ಎಲ್ಲಾ ಮಂಕು. ಟೇಪಿನಿಂದ ಟೇಪಿಗೆ ಬೇಕಾದ ಪ್ರಮಾಣ ಬೇರೆ. ನಾನು ಎಫ್‌ಎಂನಲ್ಲಿ ಎರಡು ಸ್ಟೇಷನ್ ನಡುವೆ ಬರುವ ಶ್ಶ್ ಸದ್ದನ್ನು, ಡಾಲ್ಬಿ ಆಫ್ ಮಾಡಿ, ಮೀಟರ್ -20ರ ಹತ್ತಿರ ಇರುವಂತೆ ರೆಕಾರ್ಡ್ ಮಾಡಿ, ಮೂಲದ ಜೊತೆ ಹೋಲಿಸುತ್ತೇನೆ. ಎರಡೂ ಒಂದೇ ಥರ ಕೇಳುವ ಜಾಗಕ್ಕೆ ಗುಂಡಿ ನಿಲ್ಲಿಸುತ್ತೇನೆ. ಎಚ್‌ಎಕ್ಸ್ ಪ್ರೊ ಅನ್ನುವುದು ಹಾಡಿನಲ್ಲಿ ತಾರದ ಸದ್ದು ಎಷ್ಟಿದೆ ನೋಡಿ ಬಯಾಸನ್ನು ಆ ಕ್ಷಣಕ್ಕೆ ತಾನೇ ಇಳಿಸುತ್ತದೆ. ತಾಳದ ಕಿಣಿಕಿಣಿಯಲ್ಲಿ ಅದರ ಲಾಭ ಚೆನ್ನಾಗಿ ಕೇಳುತ್ತದೆ.

ಟೈಪ್ 2 ಕ್ರೋಮ್ ಟೇಪಿಗೆ ಸಾಮಾನ್ಯ ಟೇಪ್ ಆದ ಟೈಪ್ 1ಕ್ಕಿಂತ ಜಾಸ್ತಿ ಬಯಾಸ್ ಬೇಕು. ಕ್ಯಾಸೆಟ್‌ನ ಮೇಲಂಚಿನ ಹಳ್ಳ ನೋಡಿ ಡೆಕ್ ಅದನ್ನು ತಾನೇ ಗುರುತಿಸುತ್ತದೆ. ನನ್ನದರಲ್ಲಿ ಆ ಪುಟ್ಟ ಸ್ವಿಚ್‌ಗೆ ಧೂಳು ತುಂಬಿ, ಕ್ರೋಮ್ ಹಾಕಿದರೂ ಟೈಪ್ 1 ಅಂತಲೇ ತೋರಿಸುತ್ತಿತ್ತು. ಸದ್ದು ಚುಚ್ಚುತ್ತಿತ್ತು, ಒಡೆಯುತ್ತಲೂ ಇತ್ತು. ಕಾಂಟ್ಯಾಕ್ಟ್ ಕ್ಲೀನರ್ ಹಾಕಿದ ಮೇಲೆ ಸರಿಹೋಯಿತು. ನಮ್ಮ ಬೇಸಿಗೆಯ ಧೂಳಿಗೆ ಡೆಕ್ ಮೇಲೆ ಬಟ್ಟೆ ಮುಚ್ಚಿಡುವುದು ಒಳ್ಳೆಯದು.

ಲೆವೆಲ್ ವಿಷಯ. ಕಂಪ್ಯೂಟರ್‌ನಲ್ಲಿ ಸೊನ್ನೆ ಅಂದರೆ ಗೋಡೆ. ಟೇಪಿನಲ್ಲಿ ಸೊನ್ನೆಯ ಮೇಲೂ ಸ್ವಲ್ಪ ಜಾಗ ಇರುತ್ತದೆ, ಸದ್ದು ಮೆಲ್ಲಗೆ ಒತ್ತುತ್ತದೆ. ಆದರೆ ಆ ಜಾಗ ಮಂದ್ರಕ್ಕೆ ಹೆಚ್ಚು, ತಾರಕ್ಕೆ ತೀರಾ ಕಡಿಮೆ. ಟೇಪ್ ಓಡುವುದು ಸೆಕೆಂಡಿಗೆ 4.76 ಸೆಂಟಿಮೀಟರ್, ಅಗಲ 3.81 ಮಿಲಿಮೀಟರ್. ಅಷ್ಟರಲ್ಲೇ ಎರಡೂ ಕಡೆಯ ಸ್ಟೀರಿಯೋ ಹಿಡಿಸಬೇಕು ಅಲ್ವಾ? ಹಾಡು ಮಾತ್ರ ಇದ್ದರೆ ನಾನು +3ರವರೆಗೂ ಬಿಡುತ್ತೇನೆ. ತಮಟೆ, ತಾಳ ಇದ್ದರೆ ಪೀಕ್ ಸೊನ್ನೆ ದಾಟಲು ಬಿಡುವುದಿಲ್ಲ. ಮಿಕ್ಸ್‌ನಲ್ಲೇ 'ಸ', 'ಶ' ಅಕ್ಷರಗಳ ಸೀಟಿಯನ್ನು ಡಿ-ಎಸ್ಸರ್ ಹಾಕಿ ತಗ್ಗಿಸುತ್ತೇನೆ. ಇದರಿಂದ ಸಿಕ್ಕ ಲಾಭ ದುಬಾರಿ ಟೇಪಿನಿಂದ ಸಿಕ್ಕದ್ದಕ್ಕಿಂತ ದೊಡ್ಡದು.

ಹೆಡ್ ಒರೆಸಲು ಐಸೋಪ್ರೊಪೈಲ್ ಆಲ್ಕೋಹಾಲ್ ಮತ್ತು ಹತ್ತಿ ಸಾಕು. ಬೆಲ್ಟ್ ಒಮ್ಮೆ ಬದಲಿಸಿದ್ದೇನೆ. ನಾದಸ್ವರದ ಉದ್ದ ಸ್ವರ ನಡುಗಿದರೆ ಅದು ಲೆವೆಲ್ ತೊಂದರೆಯಲ್ಲ, ಬೆಲ್ಟ್ ಅಥವಾ ಪಿಂಚ್ ರೋಲರ್ (ಟೇಪನ್ನು ಒತ್ತಿ ಎಳೆಯುವ ರಬ್ಬರ್ ಗಾಲಿ). ಸಿ-120 (ಒಟ್ಟು 120 ನಿಮಿಷದ) ಟೇಪ್ ತೀರಾ ತೆಳು, ತೆಗೆದುಕೊಳ್ಳಬೇಡಿ. ಸಿ-60 ನನಗೆ ಇಷ್ಟ. ಹಳೆ ಕ್ಯಾಸೆಟ್ ಕೊಳ್ಳುವಾಗ ಒಳಗಿನ ಫೆಲ್ಟ್ ಪ್ಯಾಡ್ ಉದುರಿದೆಯಾ ನೋಡಿ.

ಕೊರತೆಯೂ ಇದೆ. ಮೂರು ಹೆಡ್ ಇದ್ದಿದ್ದರೆ ರೆಕಾರ್ಡ್ ಆಗುತ್ತಿರುವಾಗಲೇ ಟೇಪಿನ ಸದ್ದು ಕೇಳಬಹುದಿತ್ತು. ಇಲ್ಲಿ ಪ್ರತಿ ಸಲ ರಿವೈಂಡ್ ಮಾಡಬೇಕು. ದುಡ್ಡು ಇರುವವರು ಮೂರು ಹೆಡ್‌ನದ್ದನ್ನೇ ಹುಡುಕಿ. ಜಪಾನಿನ ಒಳಗೆ ಮಾರಿದ ಡೆಕ್ ಸಿಕ್ಕರೆ ಹಿಂದಿನ ಲೇಬಲ್ ಓದಿ. ಅದು 100 ವೋಲ್ಟ್‌ನದು, ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ನಮ್ಮ ಪ್ಲಗ್‌ಗೆ ಹಾಕಬಾರದು. ಇನ್ನು ಊರಿನವರಿಗೆ ಕೊಡುವ ಕ್ಯಾಸೆಟ್‌ಗೆ ಡಾಲ್ಬಿ ಹಾಕಬೇಡಿ. ಅವರ ಟೇಪ್ ರೆಕಾರ್ಡರ್‌ನಲ್ಲಿ ಡಾಲ್ಬಿ ಇಲ್ಲದಿದ್ದರೆ ಇಷ್ಟೆಲ್ಲಾ ಕಷ್ಟಪಟ್ಟು ಮಾಡಿದ ಮಿಕ್ಸ್ ಕೀರಲಾಗಿ ಕೇಳುತ್ತದೆ.